ಹಿಮಾಲಯದ ಚಿತ್ರಕಾರ ನಿಕೋಲಸ್ ರೋರಿಚ್ (1874–1947)

ಹಿಮಾಲಯ ಪರ್ವತಶ್ರೇಣಿಯ ಭವ್ಯತೆಯನ್ನು ಕುಂಚದ ಮೂಲಕ ವಿಶ್ವಕ್ಕೆ ಪರಿಚಯಿಸಿದ ಕಲಾವಿದರಲ್ಲಿ ನಿಕೋಲಸ್ ರೋರಿಚ್ ಅವರು ಅಗ್ರಗಣ್ಯರು. ರಷ್ಯಾದಲ್ಲಿ ಜನಿಸಿ, ಜೀವನದ ಕೊನೆಯ ಎರಡು ದಶಕಗಳ ಬಹುಭಾಗವನ್ನು ಭಾರತದಲ್ಲಿಯೇ ಕಳೆದ ಇವರು ಚಿತ್ರಕಾರರೂ, ಪುರಾತತ್ವಜ್ಞರೂ, ಲೇಖಕರೂ ಆಗಿದ್ದರು. ಇವರ ಕಿರಿಯ ಪುತ್ರ ಸ್ವೆತೊಸ್ಲಾವ್ ರೋರಿಚ್ ಅವರು ಬೆಂಗಳೂರಿನಲ್ಲಿ ನೆಲೆಸಿದ್ದರಿಂದ ಈ ಮನೆತನದ ಹೆಸರು ಕನ್ನಡಿಗರಿಗೂ ಚಿರಪರಿಚಿತವಾಗಿದೆ. ಸಾರ್ವಜನಿಕರ ಹಾಗೂ ವಿದ್ಯಾರ್ಥಿಗಳ ಮಾಹಿತಿಗಾಗಿ ಇವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ನಿಕೋಲಸ್ ರೋರಿಚ್ ಅವರು 1874ನೇ ಇಸವಿ ಅಕ್ಟೋಬರ್ 9ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ತಂದೆ ಕಾನೂನು ವೃತ್ತಿಯಲ್ಲಿದ್ದವರು. ಕುಟುಂಬಕ್ಕೆ ಸೇರಿದ ಇಜ್ವಾರಾ ಎಂಬ ಗ್ರಾಮೀಣ ಎಸ್ಟೇಟಿನ ಕಾಡುಗಳಲ್ಲಿ ಬಾಲಕನ ಪ್ರಕೃತಿಪ್ರೇಮ ಚಿಗುರಿತು. ಆ ಮನೆಯಲ್ಲಿ ತೂಗುಹಾಕಿದ್ದ ಹಿಮಪರ್ವತದ ಚಿತ್ರವೊಂದು ಕಾಂಚನಜುಂಗಾ ಶಿಖರದ್ದೆಂಬುದು ತಮಗೆ ಬಹುಕಾಲದ ನಂತರ ತಿಳಿಯಿತೆಂದು ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ.

ಮಗನು ಕಲಾವಿದನಾಗಬೇಕೆಂದು ಬಯಸಿದರೆ, ತಂದೆ ವಕೀಲನಾಗಬೇಕೆಂದು ಆಶಿಸಿದರು. ಇಬ್ಬರ ಅಪೇಕ್ಷೆಯೂ ಈಡೇರುವಂತೆ 1893ರಲ್ಲಿ ರೋರಿಚ್ ಅವರು ಕಲಾ ಅಕಾಡೆಮಿ ಹಾಗೂ ವಿಶ್ವವಿದ್ಯಾಲಯದ ಕಾನೂನು ವಿಭಾಗ ಎರಡನ್ನೂ ಏಕಕಾಲದಲ್ಲಿ ಸೇರಿದರು. ಅಕಾಡೆಮಿಯಲ್ಲಿ ಬೆಳಕಿನ ಚಿತ್ರಣಕ್ಕೆ ಹೆಸರಾದ ಭೂದೃಶ್ಯ ಚಿತ್ರಕಾರ ಕುಯಿಂಜಿ ಇವರ ಗುರುಗಳಾಗಿದ್ದರು. 1901ರಲ್ಲಿ ಹೆಲೆನಾ ಅವರೊಂದಿಗೆ ವಿವಾಹವಾಯಿತು. ಇವರಿಗೆ ಜಾರ್ಜ್ (1902) ಮತ್ತು ಸ್ವೆತೊಸ್ಲಾವ್ (1904) ಎಂಬ ಇಬ್ಬರು ಪುತ್ರರು ಜನಿಸಿದರು. 1913ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡ ಸ್ಟ್ರಾವಿನ್ಸ್ಕಿ ಅವರ ಪ್ರಸಿದ್ಧ ಬ್ಯಾಲೆ ನೃತ್ಯರೂಪಕ ‘ರೈಟ್ ಆಫ್ ಸ್ಪ್ರಿಂಗ್’ಗೆ ರಂಗಸಜ್ಜಿಕೆ ಹಾಗೂ ವೇಷಭೂಷಣಗಳನ್ನು ವಿನ್ಯಾಸಗೊಳಿಸಿದವರು ಇವರೇ.

ಭಾರತಕ್ಕೆ ಆಗಮನ

1917ರ ಕ್ರಾಂತಿಯ ನಂತರ ರೋರಿಚ್ ಕುಟುಂಬವು ಫಿನ್ಲೆಂಡ್, ಲಂಡನ್ ಮಾರ್ಗವಾಗಿ 1920ರಲ್ಲಿ ಅಮೆರಿಕವನ್ನು ತಲುಪಿತು. ಅಲ್ಲಿ ಖ್ಯಾತಿ, ಪೋಷಕರ ಬೆಂಬಲ ಎರಡೂ ದೊರೆತರೂ ಅವರ ಮನಸ್ಸು ಹಿಮಾಲಯದತ್ತಲೇ ಇತ್ತು. 1923ರ ಡಿಸೆಂಬರ್‌ನಲ್ಲಿ ಮುಂಬಯಿಗೆ ಬಂದಿಳಿದು, ಅಲ್ಪಕಾಲದಲ್ಲಿಯೇ ಡಾರ್ಜಿಲಿಂಗ್ ಸೇರಿದರು. ಕಾಂಚನಜುಂಗಾ ಶಿಖರವನ್ನು ಅವರು ಮುಂದಿನ ವರ್ಷಗಳಲ್ಲಿ ಅನೇಕ ಬಾರಿ ಚಿತ್ರಿಸಿದರು.

ಮಧ್ಯ ಏಷ್ಯಾ ಯಾತ್ರೆ

1925ರಿಂದ 1928ರವರೆಗೆ ನಡೆದ ಮಧ್ಯ ಏಷ್ಯಾ ಯಾತ್ರೆಯು ಇವರ ಜೀವನದ ಅತ್ಯಂತ ಕಠಿಣ ಅಧ್ಯಾಯವಾಗಿರುತ್ತದೆ. ಶ್ರೀನಗರ ಮತ್ತು ಲೇಹ್‌ನಿಂದ ಹೊರಟು, ಕಾರಕೋರಂ ಘಟ್ಟಮಾರ್ಗವನ್ನು ದಾಟಿ, ಖೋತಾನ್, ಉರುಮ್ಚಿ, ಅಲ್ತಾಯ್ ಮತ್ತು ಮಂಗೋಲಿಯಾ ಪ್ರದೇಶಗಳನ್ನು ಸುತ್ತಿ ತಂಡವು ಟಿಬೆಟ್ ಪ್ರವೇಶಿಸಿತು. ಪತ್ನಿ ಹೆಲೆನಾ ಹಾಗೂ ಹಿರಿಯ ಪುತ್ರ ಜಾರ್ಜ್ ಜೊತೆಯಲ್ಲಿದ್ದರು.

1927ರ ಅಕ್ಟೋಬರ್‌ನಲ್ಲಿ ಟಿಬೆಟ್‌ನ ಅಧಿಕಾರಿಗಳು ತಂಡವನ್ನು ಚಾಂಗ್‌ತಾಂಗ್ ಪ್ರಸ್ಥಭೂಮಿಯಲ್ಲಿ ತಡೆದರು. ಮುಂದೆ ಸಾಗಲು ಅನುಮತಿಯಿಲ್ಲ, ಹಿಂದಿರುಗಲು ದಾರಿಯಿಲ್ಲ. ಬೇಸಿಗೆಗೆಂದು ತಂದಿದ್ದ ಡೇರೆಗಳಲ್ಲಿಯೇ ಸುಮಾರು ಐದು ತಿಂಗಳು ಭೀಕರ ಚಳಿಯನ್ನು ಎದುರಿಸಬೇಕಾಯಿತು. ಆ ಅವಧಿಯಲ್ಲಿ ತಂಡದ ಐವರು ಮೃತಪಟ್ಟರು. ಸರಕು ಹೊರುವ ಪ್ರಾಣಿಗಳ ಪೈಕಿ ಸುಮಾರು 90 ಮೇವಿಲ್ಲದೆ, ಚಳಿ ತಾಳಲಾರದೆ ಸತ್ತವು. 1928ರ ವಸಂತದಲ್ಲಿ ಅನುಮತಿ ದೊರೆತ ನಂತರ ಉಳಿದವರು ಸಿಕ್ಕಿಂ ಮಾರ್ಗವಾಗಿ ಮೇ ತಿಂಗಳಲ್ಲಿ ಡಾರ್ಜಿಲಿಂಗ್ ತಲುಪಿದರು.

ಈ ಯಾತ್ರೆಯ ಫಲವಾಗಿ ಸುಮಾರು 500 ಚಿತ್ರಗಳು ರಚನೆಯಾದವು. ತಂಗಿದ ತಾಣಗಳಲ್ಲಿ ಪರ್ವತಗಳನ್ನು ಪ್ರತ್ಯಕ್ಷ ಕಂಡು ರೇಖಾಚಿತ್ರ ಬರೆದುಕೊಳ್ಳುವುದು ಅವರ ರೂಢಿಯಾಗಿತ್ತು. ನಸುಕಿನ ನೇರಳೆ ಬಣ್ಣ, ಸಂಜೆ ಹಿಮದ ಮೇಲೆ ಬೀಳುವ ಕೆಂಪು, ಮೋಡದ ನೆರಳಿನ ಕಡುನೀಲಿ ಇವು ಅವರ ಕಲ್ಪನೆಯಿಂದಷ್ಟೇ ಬಂದವಲ್ಲ. ಆ ಎತ್ತರದ ತಿಳಿಗಾಳಿಯಲ್ಲಿ ಕಣ್ಣಾರೆ ಕಂಡ ಬಣ್ಣಗಳೂ ಹೌದು.

ಕುಲು ಕಣಿವೆಯಲ್ಲಿ ನೆಲೆ

1928ರಲ್ಲಿ ರೋರಿಚ್ ಅವರು ‘ಉರುಸ್ವತಿ’ ಹಿಮಾಲಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಕುಟುಂಬವು ಇಂದಿನ ಹಿಮಾಚಲ ಪ್ರದೇಶದ ಕುಲು ಕಣಿವೆಯ ನಗ್ಗರ್ ಗ್ರಾಮದಲ್ಲಿ ನೆಲೆಸಿತು. ಈ ಸಂಸ್ಥೆಯಲ್ಲಿ ಔಷಧೀಯ ಸಸ್ಯಗಳು, ಸ್ಥಳೀಯ ಭಾಷೆಗಳು ಹಾಗೂ ಪುರಾತತ್ವ ವಿಷಯಗಳ ಅಧ್ಯಯನ ಕೈಗೊಳ್ಳಲಾಯಿತು. ಜಾರ್ಜ್ ಅವರು ಇದರ ನಿರ್ದೇಶಕರಾಗಿದ್ದರು.

ಬಿಯಾಸ್ ನದಿಯ ಕಣಿವೆಗೆ ಅಭಿಮುಖವಾಗಿದ್ದ ಈ ಮನೆಯಿಂದ ಹಿಮಶಿಖರಗಳು ಕಾಣುತ್ತಿದ್ದವು. ಅವರು ತೈಲವರ್ಣಕ್ಕಿಂತ ಟೆಂಪೆರಾ ಮಾಧ್ಯಮವನ್ನು ಹೆಚ್ಚಾಗಿ ಬಳಸುತ್ತಿದ್ದರು. ತೈಲವರ್ಣವು ಕಾಲಕ್ರಮೇಣ ಕಪ್ಪಾಗುವುದು. ಟೆಂಪೆರಾ ಬೇಗ ಒಣಗಿ, ಬಣ್ಣದ ಹೊಳಪನ್ನು ಉಳಿಸಿಕೊಳ್ಳುವುದು. ಇಲ್ಲಿನ ಅನೇಕ ಚಿತ್ರಗಳ ಅಳತೆ ಸುಮಾರು 12 ಇಂಚು ಎತ್ತರ, 18 ಇಂಚು ಅಗಲ ಮಾತ್ರ. ಅಷ್ಟು ಚಿಕ್ಕ ಚೌಕಟ್ಟಿನಲ್ಲಿಯೂ ಮಹಾಪರ್ವತದ ವೈಶಾಲ್ಯ ನೋಡುಗರ ಅನುಭವಕ್ಕೆ ಬರುತ್ತದೆ.

ರೋರಿಚ್ ಒಪ್ಪಂದ ಮತ್ತು ಕಷ್ಟದ ದಿನಗಳು

ಯುದ್ಧಕಾಲದಲ್ಲಿಯೂ ಶಾಂತಿಕಾಲದಲ್ಲಿಯೂ ಸ್ಮಾರಕಗಳು, ವಸ್ತುಸಂಗ್ರಹಾಲಯಗಳು ಮತ್ತು ವಿದ್ಯಾಸಂಸ್ಥೆಗಳು ರಕ್ಷಿಸಲ್ಪಡಬೇಕೆಂಬುದು ಇವರ ದೃಢ ನಿಲುವಾಗಿತ್ತು. ಇದರ ಫಲವಾಗಿ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕ ಖಂಡಗಳ 21 ರಾಷ್ಟ್ರಗಳು ‘ರೋರಿಚ್ ಒಪ್ಪಂದ’ಕ್ಕೆ ಸಹಿ ಹಾಕಿದವು. ಆದರೆ ಅದೇ ಅವಧಿಯಲ್ಲಿ ಪ್ರಮುಖ ಪೋಷಕರೊಂದಿಗಿನ ಸಂಬಂಧ ಮುರಿದುಬಿದ್ದು, ನ್ಯೂಯಾರ್ಕ್‌ನಲ್ಲಿ ಅವರ ಹೆಸರಿನಲ್ಲಿದ್ದ ಮ್ಯೂಸಿಯಂ ಹಾಗೂ ಅಲ್ಲಿದ್ದ ನೂರಾರು ಕೃತಿಗಳು ಅವರ ಕೈತಪ್ಪಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉರುಸ್ವತಿ ಸಂಸ್ಥೆಯ ಕಾರ್ಯವೂ ಸ್ಥಗಿತಗೊಂಡಿತು. ಆಗಲೂ ಅವರು ಚಿತ್ರರಚನೆಯನ್ನು ನಿಲ್ಲಿಸಲಿಲ್ಲ. ಚಿತ್ರಗಳ ಮಾರಾಟದಿಂದ ಬಂದ ಹಣವನ್ನು ಸೋವಿಯತ್ ರೆಡ್ ಕ್ರಾಸ್ ನಿಧಿಗೆ ನೀಡಿದರು. 1942ರಲ್ಲಿ ಪಂಡಿತ ಜವಾಹರಲಾಲ್ ನೆಹರೂ ಅವರು ಪುತ್ರಿ ಇಂದಿರಾ ಅವರೊಂದಿಗೆ ನಗ್ಗರ್‌ನ ಮನೆಗೆ ಭೇಟಿ ನೀಡಿದ್ದರು.

ನಿಧನ

ತಾಯ್ನಾಡಿಗೆ ಹಿಂದಿರುಗಬೇಕೆಂಬ ರೋರಿಚ್ ಅವರ ಹಂಬಲ ಈಡೇರಲಿಲ್ಲ. 1947ರ ಡಿಸೆಂಬರ್ 13ರಂದು ನಗ್ಗರ್‌ನಲ್ಲಿ ಅವರು ಕೊನೆಯುಸಿರೆಳೆದರು. ಪರ್ವತಗಳ ಎದುರಿನ ಇಳಿಜಾರಿನಲ್ಲಿ ಅವರ ಅಂತ್ಯಕ್ರಿಯೆ ನೆರವೇರಿತು. ಆ ಸ್ಥಳದಲ್ಲಿ ಸ್ಮಾರಕಶಿಲೆಯೊಂದನ್ನು ನಿಲ್ಲಿಸಲಾಗಿದೆ. ಅವರು ರಚಿಸಿದ ಕೃತಿಗಳ ಸಂಖ್ಯೆ ಸುಮಾರು 7,000 ಎಂದು ಅಂದಾಜಿಸಲಾಗಿದೆ. ಭಾರತ ಸರ್ಕಾರವು ಇವರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿ ಎಂದು ಘೋಷಿಸಿರುತ್ತದೆ.

ಕರ್ನಾಟಕದೊಂದಿಗೆ ನಂಟು

ತಂದೆಯಂತೆಯೇ ಚಿತ್ರಕಾರರಾದ ಸ್ವೆತೊಸ್ಲಾವ್ ಅವರು 1945ರಲ್ಲಿ ಹೆಸರಾಂತ ಚಲನಚಿತ್ರ ನಟಿ ದೇವಿಕಾರಾಣಿ ಅವರನ್ನು ವಿವಾಹವಾದರು. ಮುಂದೆ ದಂಪತಿಗಳು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ವಾಸವಾಗಿದ್ದರು. 1993ರಲ್ಲಿ ಸ್ವೆತೊಸ್ಲಾವ್, 1994ರಲ್ಲಿ ದೇವಿಕಾರಾಣಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. ಎಸ್ಟೇಟಿನ ಸಂರಕ್ಷಣೆಗಾಗಿ ಕರ್ನಾಟಕ ಸರ್ಕಾರವು 1996ರಲ್ಲಿ ಕಾಯಿದೆಯ ಮೂಲಕ ಅದನ್ನು ಸ್ವಾಧೀನಪಡಿಸಿಕೊಂಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆಯನ್ನು ಎತ್ತಿಹಿಡಿಯಿತು.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ತಂದೆ ಹಾಗೂ ಮಗ ಇಬ್ಬರ ಕೃತಿಗಳೂ ಇವೆ. ಹಿಮಾಲಯವನ್ನು ಪ್ರತ್ಯಕ್ಷ ಕಾಣಲು ಅವಕಾಶವಾಗದ ನಮ್ಮ ನಾಡಿನ ಆಸಕ್ತರು, ವಿಶೇಷವಾಗಿ ಶಾಲಾ ವಿದ್ಯಾರ್ಥಿಗಳು, ಆ ಪರ್ವತಗಳ ಬಣ್ಣಗಳನ್ನು ಈ ಚಿತ್ರಗಳ ಮೂಲಕ ಅರಿಯಬಹುದಾಗಿದೆ.