ಶಸ್ತ್ರವೈದ್ಯನಾದ ಜೋಸೆಫ್ ಲಿಸ್ಟರನ ಚರಿತ್ರೆ

ಕಣ್ಣಿಗೆ ಕಾಣದ ಜಂತುಗಳಿಂದ ರೋಗಿಗಳನ್ನು ಕಾಯುವ ಮಾರ್ಗವನ್ನು ತೋರಿಸಿದ ಒಬ್ಬನ ಚರಿತ್ರೆಯನ್ನು ಈ ತಿಂಗಳು ಸಂಕ್ಷೇಪವಾಗಿ ಬರೆಯುತ್ತೇವೆ.

ಜೋಸೆಫ್ ಲಿಸ್ಟರನು 1827ನೇ ಇಸವಿ ಏಪ್ರಿಲ್ 5ರಲ್ಲಿ ಇಂಗ್ಲೆಂಡ್ ದೇಶದ ಅಪ್ಟನ್ ಎಂಬ ಊರಲ್ಲಿ, ಕ್ವೇಕರ್ ಪಂಗಡದ ಭಕ್ತಿವಂತ ಕುಟುಂಬದಲ್ಲಿ ಹುಟ್ಟಿದನು. ತಂದೆಯು ವರ್ತಕನಾಗಿದ್ದರೂ ಸೂಕ್ಷ್ಮದರ್ಶಕ ಯಂತ್ರವನ್ನು ಉತ್ತಮಪಡಿಸಿದವನಾದ್ದರಿಂದ, ಅತಿ ಸಣ್ಣ ವಸ್ತುಗಳನ್ನು ನೋಡುವ ಅಭ್ಯಾಸವು ಮಗನಿಗೆ ಬಾಲ್ಯದಲ್ಲಿಯೇ ಉಂಟಾಯಿತು.

1861ರಲ್ಲಿ ಆತನು ಗ್ಲಾಸ್ಗೋ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾದನು. ಆ ಕಾಲದ ವೈದ್ಯರು ಕೈಯನ್ನೂ ಆಯುಧಗಳನ್ನೂ ಚೆನ್ನಾಗಿ ತೊಳೆಯದೆ, ರಕ್ತದ ಕಲೆಯಿದ್ದ ಅಂಗಿಯನ್ನೇ ತೊಟ್ಟು, ಒಬ್ಬ ರೋಗಿಯಿಂದ ಇನ್ನೊಬ್ಬನ ಬಳಿಗೆ ಹೋಗುತ್ತಿದ್ದರು. ಗಾಯ ಕೊಳೆಯುವುದು ಕೆಟ್ಟ ಗಾಳಿಯಿಂದ ಎಂದು ನಂಬಿದ್ದರು. ಲಿಸ್ಟರನಲ್ಲಿಯೂ 1864 ಮತ್ತು 1866ರಲ್ಲಿ ಕೈಕಾಲು ತೆಗೆಯಿಸಿಕೊಂಡ 35 ಮಂದಿಯಲ್ಲಿ 16 ಮಂದಿ ಸತ್ತರು.

ಫ್ರಾನ್ಸ್ ದೇಶದ ಪಾಸ್ಚರನು ಕೊಳೆಯುವಿಕೆಗೆ ಸೂಕ್ಷ್ಮಜಂತುಗಳೇ ಕಾರಣವೆಂದು ತೋರಿಸಿದ್ದನ್ನು ಓದಿ, ಲಿಸ್ಟರನು ಚರಂಡಿಯ ದುರ್ವಾಸನೆಯನ್ನು ನೀಗಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಗಾಯಕ್ಕೆ ಹಚ್ಚಲು ನಿಶ್ಚಯಿಸಿದನು. 1865ನೇ ಆಗಸ್ಟ್ 12ರಲ್ಲಿ, ಬಂಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಹುಡುಗನೊಬ್ಬನನ್ನು ತಂದರು. ಎಲುಬು ಮುರಿದು ಗಾಯವಾದ ಕಾಲನ್ನು ಆಗ ಅನೇಕ ವೇಳೆ ಕತ್ತರಿಸಿಬಿಡುತ್ತಿದ್ದರು. ಆದರೆ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಲಾಗಿ ಗಾಯವು ಕೊಳೆಯಲಿಲ್ಲ. ಸುಮಾರು ಆರು ವಾರಗಳಲ್ಲಿ ಎಲುಬು ಕೂಡಿಕೊಂಡಿತು. 1867ರಿಂದ 1869ರ ವರೆಗೆ ಕೈಕಾಲು ತೆಗೆಯಿಸಿಕೊಂಡ 40 ಮಂದಿಯಲ್ಲಿ ಸತ್ತವರು 6 ಮಂದಿ ಮಾತ್ರ.

ಅನೇಕ ವೈದ್ಯರು ಆತನನ್ನು ಹಾಸ್ಯಮಾಡಿದರೂ ಆತನು ಕುಂದಲಿಲ್ಲ. ಗಾಳಿಯಲ್ಲಿ ಆಮ್ಲವನ್ನು ಸಿಂಪಡಿಸುವ ಯಂತ್ರವೊಂದನ್ನು ಅನೇಕ ವರ್ಷ ಉಪಯೋಗಿಸಿ, ಗಾಳಿಗಿಂತ ಕೈಯೂ ಆಯುಧಗಳೂ ಹೆಚ್ಚು ಅಪಾಯಕರವೆಂದು ತಿಳಿದಾಗ, 1890ರಲ್ಲಿ ಅದನ್ನು ಎಲ್ಲರ ಮುಂದೆಯೂ ತೊರೆದನು. 1897ರಲ್ಲಿ ಪ್ರಭು ಪದವಿಯನ್ನು ಹೊಂದಿ, 1912ನೇ ಫೆಬ್ರವರಿ 10ರಲ್ಲಿ ತೀರಿಕೊಂಡನು.

ಈ ಪಾಠವನ್ನು ಮರೆಯಲಾಗದು. 2019ರ ಜುಲೈಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಯಿಸಿಕೊಂಡ ಬಡವರಲ್ಲಿ ಹಲವರಿಗೆ ಸೋಂಕು ತಗಲಿ, ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಶಸ್ತ್ರಕ್ರಿಯೆಯಲ್ಲಿ ಉಪಯೋಗಿಸಿದ ದ್ರವೌಷಧದಲ್ಲಿ ರೋಗಾಣುಗಳಿದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು.

ಮಡಿ ಮೈಲಿಗೆಗಳನ್ನು ಬಿಟ್ಟು ಬಂದ ನಮಗೆ ಕೈ ತೊಳೆಯುವ ಕಟ್ಟಳೆ ಏಕೆಂದು ಸಭೆಗಳಲ್ಲಿ ಕೆಲವರು ಕೇಳುವುದುಂಟು. ಮೈಲಿಗೆಯೆಂಬುದು ನೆರೆಯವನ ಹುಟ್ಟಿನಲ್ಲಿ ದೋಷವನ್ನು ಹುಡುಕಿ ಅವನನ್ನು ದೂರ ನಿಲ್ಲಿಸಿತು. ಲಿಸ್ಟರನಾದರೋ ದೋಷವನ್ನು ತನ್ನ ಕೈಯಲ್ಲಿಯೇ ಹುಡುಕಿ, ತೊಳೆದು, ನೆರೆಯವನನ್ನು ಮುಟ್ಟಿ ಬದುಕಿಸಿದನು. ಆದಕಾರಣ ಬಾಣಂತಿಯ, ಕೂಸಿನ, ಗಾಯಗೊಂಡವರ ಬಳಿಗೆ ಹೋಗುವಾಗ ಸಾಬೂನಿನಿಂದ ಕೈ ತೊಳೆಯೋಣ. ಚುಚ್ಚುಮದ್ದಿನ ಸೂಜಿ ಹೊಸದೋ ಎಂದು ನಾಚದೆ ವಿಚಾರಿಸೋಣ. ನೆರೆಯವರ ಪ್ರಾಣವನ್ನು ಕಾಯುವ ಈ ಸಣ್ಣ ಸೇವೆಯಲ್ಲಿ ಕರ್ತನು ನಮಗೆ ಸಹಾಯಮಾಡಲಿ.