ಮಕ್ಕಳಿಗೆ ಹಾಡು ಕೊಟ್ಟ ಹೆಡ್‌ಮಾಸ್ಟರು



ಸಂಜೆಯ ಜಪಸರ ಮುಗಿದಿದೆ. ಒಲೆಯ ಮೇಲೆ ಅನ್ನ ಬೇಯುತ್ತಿದೆ. ನಾಲ್ಕು ವರ್ಷದ ನಿಮ್ಮ ಮಗು ಸ್ಲೇಟು ಹಿಡಿದು ಕುಳಿತಿದೆ. ಅ ಬರೆಯಲು ಹೋಗಿ ಅದು ಇನ್ನೇನೋ ಆಗಿದೆ. ನೀವು ಮಗುವಿನ ಬೆರಳುಗಳನ್ನು ಬಿಗಿಯಾಗಿ ಹಿಡಿದು ತಿದ್ದಿಸುತ್ತೀರಿ. ಪಕ್ಕದ ಮನೆಯ ಮಗು ಆಗಲೇ ನೂರರವರೆಗೆ ಬರೆಯುತ್ತದಂತೆ ಎಂಬ ಮಾತೂ ಬಾಯಿಂದ ಹೊರಬೀಳುತ್ತದೆ. ಮಗುವಿನ ಕಣ್ಣಲ್ಲಿ ನೀರು. ಈ ದೃಶ್ಯ ನಿಮಗೆ ಹೊಸದಲ್ಲ, ಅಲ್ಲವೇ? ಬೈದರೆ ಅಕ್ಷರ ಬರುತ್ತದೋ ಇಲ್ಲವೋ, ಪುಸ್ತಕ ಕಂಡರೆ ಹೆದರಿಕೆಯಂತೂ ಬಂದೇ ಬರುತ್ತದೆ.

ಅದಕ್ಕೇ ಈ ವಾರ ನಿಮಗೆ ಒಬ್ಬ ಹೆಡ್‌ಮಾಸ್ಟರರ ಪರಿಚಯ ಮಾಡಿಕೊಡುತ್ತೇನೆ. ಸುಮಾರು ನೂರು ವರ್ಷಗಳ ಹಿಂದೆ ನಮ್ಮ ಮಡಿಕೇರಿಯಲ್ಲೇ ಇದ್ದವರು. ಹೆಸರು ಪಂಜೆ ಮಂಗೇಶರಾಯರು. ಹೆಸರು ಕೇಳಿದ್ದೀರಿ; ಶಾಲೆಯಲ್ಲಿ ಅವರ ಹಾಡನ್ನೂ ಹಾಡಿದ್ದೀರಿ. ಆದರೆ ಅವರ ಬದುಕಿನಿಂದ ಒಂದು ಮನೆಮದ್ದು ಸಿಗುತ್ತದೆಂದು ಬಹಳ ಮಂದಿ ಯೋಚಿಸಿರಲಾರರು.

ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ದಕ್ಷಿಣ ಕನ್ನಡದ ಬಂಟವಾಳದಲ್ಲಿ. ಪಂಜೆ ಎಂಬುದು ಅವರ ಹಿರಿಯರ ಊರಿನಿಂದ ಬಂದ ಹೆಸರು. ಇಲ್ಲಿ ಒಂದು ವಿಷಯ ಗಮನಿಸಿ. ಅವರ ಮನೆಮಾತು ಕನ್ನಡವಲ್ಲ, ಕೊಂಕಣಿ. ಸುತ್ತಲ ಜನರ ಮಾತು ತುಳು. ಆದರೂ ಕನ್ನಡದ ಮಕ್ಕಳಿಗೆ ಅತ್ಯಂತ ಸಿಹಿಯಾದ ಹಾಡುಗಳನ್ನು ಕೊಟ್ಟವರು ಅವರೇ. ನಮ್ಮ ಕೊಡಗಿನ ಧರ್ಮಕೇಂದ್ರಗಳಲ್ಲಿ ಎಷ್ಟೋ ಮನೆಗಳ ಒಳಮಾತು ಕೊಂಕಣಿ, ಮಲಯಾಳಂ ಅಥವಾ ತಮಿಳು. ಮನೆಯಲ್ಲಿ ಬೇರೆ ಭಾಷೆ ಆಡಿದರೆ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆಂದು ಹೆದರುವ ತಾಯಂದಿರಿದ್ದಾರೆ. ಅಜ್ಜಿಯ ಭಾಷೆಯ ಜೋಗುಳವನ್ನು ನಿಲ್ಲಿಸಬೇಡಿ. ಒಂದು ಭಾಷೆಯ ಲಯ ಚೆನ್ನಾಗಿ ಕಿವಿಗೆ ಹತ್ತಿದ ಮಗುವಿಗೆ ಇನ್ನೊಂದು ಭಾಷೆ ಭಾರವಾಗುವುದಿಲ್ಲ.

ಮಂಗೇಶರಾಯರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ ಕೆಲಸ ಆರಂಭಿಸಿದರು. ಮುಂದೆ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ ಬಂತು. ಆ ಕಾಲದಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮೇಷ್ಟರಿಗೂ ಮಕ್ಕಳಿಗೂ ಒಟ್ಟಿಗೇ ನಡುಕ. ಕಂಠಪಾಠ ಒಪ್ಪಿಸುವುದು, ತಪ್ಪಿದರೆ ಬೆತ್ತ, ಇದೇ ವಿದ್ಯೆ. ಇವರು ಮಾತ್ರ ಮಕ್ಕಳಿಗೆ ಕತೆ ಹೇಳುವ, ಹಾಡಿ ತೋರಿಸುವ ಅಧಿಕಾರಿಯೆಂದೇ ನೆನಪಿನಲ್ಲಿ ಉಳಿದರು. ಕನ್ನಡದ ಮೊದಲ ಸಣ್ಣಕತೆಗಾರರಲ್ಲಿ ಒಬ್ಬರಾಗಿದ್ದ ಅವರಿಗೆ ದೊಡ್ಡವರಿಗಾಗಿ ಬರೆದು ಹೆಸರು ಗಳಿಸುವ ದಾರಿ ತೆರೆದೇ ಇತ್ತು. ಅವರೋ ಗೆಳೆಯರನ್ನು ಸೇರಿಸಿಕೊಂಡು ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು, ಮಕ್ಕಳ ಪಾಠಪುಸ್ತಕಗಳಿಗಾಗಿ ದುಡಿದರು.

ಅವರ ನಾಗರಹಾವಿನ ಹಾಡನ್ನು ನೆನಪಿಸಿಕೊಳ್ಳಿ. ಮೊದಲು ಹಾವನ್ನು ಕರೆಯುವುದು, ಕೈ ಮುಗಿಯುವುದು, ಹಾಲು ಕೊಡುತ್ತೇನೆನ್ನುವುದು. ಕೊನೆಗೆ ಹೋಗು ಎಂದು ಅಟ್ಟುವುದು. ಒಂದೊಂದು ನುಡಿಯ ಕೊನೆಗೂ ಒಂದೇ ಒಂದು ಪುಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಎರಡೂವರೆ ವರ್ಷದ ಮಗುವೂ ಆ ಕೊನೆಯ ಮಾತಿಗೆ ದನಿ ಸೇರಿಸಬಲ್ಲದು. ನೀವು ಅಂಗೈಯನ್ನು ಹೆಡೆಯಂತೆ ಎತ್ತಿ ಆಡಿಸಿ, ಕರೆಯುವಾಗ ಕೈಬೀಸಿ, ಅಟ್ಟುವಾಗ ಹಿಂದೆ ಸರಿಯಿರಿ. ಬಾ, ತಾ, ಹೋಗು ಎಂಬ ಮಾತುಗಳ ಅರ್ಥವನ್ನು ಮಗುವಿಗೆ ಬೇರೆ ಹೇಳಿಕೊಡಬೇಕಾಗಿಲ್ಲ, ಕೈಯೇ ಹೇಳಿಬಿಡುತ್ತದೆ. ತೆಂಕಣ ಗಾಳಿಯ ಹಾಡಿನಲ್ಲಿಯೂ ಹಾಗೆಯೇ, ಪದಗಳೇ ಬೀಸುತ್ತವೆ. ಜೂನ್ ತಿಂಗಳಲ್ಲಿ ಹೆಂಚು ಹಾರಿಸುವಂಥ ಗಾಳಿ ಬರುವ ನಮ್ಮ ಊರಿನಲ್ಲಿ, ಮಳೆಗೆ ಮನೆಯೊಳಗೆ ಸಿಕ್ಕಿಕೊಂಡ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟ ಯಾವುದು?

ದನಿ ಚೆನ್ನಾಗಿಲ್ಲ ಎನ್ನುತ್ತೀರಾ? ನಿಮ್ಮ ಮಗುವಿಗೆ ಅದು ಇನ್ನೂ ಗೊತ್ತಿಲ್ಲ!

ಹಾಡಿನಿಂದ ಅಕ್ಷರಕ್ಕೆ ಹೋಗುವ ದಾರಿಯೂ ಉದ್ದವಲ್ಲ. ಹಾಡುವಾಗ ಚಪ್ಪಾಳೆ ತಟ್ಟಿ. ಕನ್ನಡದಲ್ಲಿ ಇದೊಂದು ಅನುಕೂಲ: ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದು ತಟ್ಟು. ಕಾಫಿಗೆ ಎರಡು ಚಪ್ಪಾಳೆ, ಕಾವೇರಿಗೆ ಮೂರು, ಮಡಿಕೇರಿಗೆ ನಾಲ್ಕು, ವಿರಾಜಪೇಟೆಗೆ ಐದು. ಮಗುವಿನ ಹೆಸರಿಗೆ ಎಷ್ಟು, ಅಪ್ಪನ ಹೆಸರಿಗೆ ಎಷ್ಟು ಎಂದು ಕೇಳಿ. ಮಾತನ್ನು ಹೀಗೆ ತುಂಡು ಮಾಡಿ ಕೇಳಿಸಿಕೊಳ್ಳಲು ಕಲಿತ ಮಗು ಮುಂದೆ ಓದಲು ಬೇಗ ಕಲಿಯುತ್ತದೆಂದು ಇಂದಿನ ಶಿಕ್ಷಣ ತಜ್ಞರೂ ಹೇಳುತ್ತಾರೆ. ಬರೆಯಲು ಕಾಫಿ ಒಣಗಿಸುವ ಕಣದ ಮಣ್ಣು ಸಾಲದೇ? ಬೆರಳಿನಿಂದ ಎಳೆದ ಗೆರೆಯನ್ನು ಅಂಗೈಯಿಂದ ಒರೆಸಿದರೆ ತಪ್ಪೂ ಹೋಯಿತು, ಬೈಗುಳವೂ ಹೋಯಿತು.

ಅವರ ಕತೆಗಳದ್ದು ಇನ್ನೊಂದು ಸೊಗಸು. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕತೆಯನ್ನೇ ನೋಡಿ. ಕೇಳಿದಾಗಲೆಲ್ಲ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹಾಕುತ್ತಾ ಹೋಗುವ ಸರಪಳಿ ಕತೆ ಅದು. ಎರಡು ಸಲ ಕೇಳಿದ ಮಗು ಮೂರನೇ ಸಲ ಮುಂದಿನದನ್ನು ತಾನೇ ಹೇಳುತ್ತದೆ. ನೆನಪು, ಕ್ರಮ, ಕಾರಣ ಎಲ್ಲವೂ ನಗುವಿನೊಳಗೇ ಬಂದವು. ಇಂಥದ್ದನ್ನು ಮನೆಯಲ್ಲೇ ಕಟ್ಟಬಹುದು. ಬೆಕ್ಕು ಯಾಕೆ ಹಾಲು ಕುಡಿಯಲಿಲ್ಲ, ಕಾಳುಮೆಣಸು ಯಾಕೆ ಒಣಗಲಿಲ್ಲ ಎಂದು ಶುರುಮಾಡಿ, ಉತ್ತರವನ್ನು ಮಗುವಿಗೇ ಬಿಡಿ. ಮೊಬೈಲಿನಲ್ಲಿಯೂ ಹಾಡು, ಕತೆ ಬರುತ್ತವೆ, ನಿಜ. ಆದರೆ ಮಗು ಯೋಚಿಸಿ ಬಾಯಿ ತೆರೆಯುವವರೆಗೆ ಮೊಬೈಲು ಕಾಯುವುದಿಲ್ಲ. ನೀವು ಕಾಯುತ್ತೀರಿ.

ಆಟದ ಮೂಲಕ ಕಲಿಕೆ ಎಂಬ ಮಾತು ಆಗ ದೂರದ ದೇಶಗಳಲ್ಲಿ ಬೆಳೆಯುತ್ತಿತ್ತು. ಜರ್ಮನಿಯ ಫ್ರೋಬೆಲ್ 1837ರಲ್ಲೇ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟಿದ್ದರು. ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ಆರಂಭಿಸಿದರು. ಆಕೆ ಭಾರತಕ್ಕೆ ಬಂದದ್ದು 1939ರಲ್ಲಿ. ಆ ಹೊತ್ತಿಗೆ ಪಂಜೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಆಟದ ಸಾಮಾನು ಕೊಳ್ಳಲು ಕಾಸಿಲ್ಲದ ನಮ್ಮ ಹಳ್ಳಿಯ ಶಾಲೆಗಳಿಗೆ ಅವರು ಮೊದಲೇ ಹಾಡನ್ನು, ಕತೆಯನ್ನು, ಅಭಿನಯವನ್ನು ಕೊಟ್ಟಾಗಿತ್ತು.

ಇನ್ನು ಕೊಡಗಿನ ಮಾತು. 1920ರ ದಶಕದಲ್ಲಿ ಅವರು ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಕರಾವಳಿಯಲ್ಲಿ ಬೆಳೆದವರಿಗೆ ಇಲ್ಲಿನ ಮಂಜು, ಚಳಿ ಎರಡೂ ಹೊಸತು. ಬೇರೊಬ್ಬರಾಗಿದ್ದರೆ ವರ್ಗಾವಣೆಯ ದಾರಿ ಕಾಯುತ್ತಿದ್ದರೋ ಏನೋ. ಇವರು ಬಂದ ಊರನ್ನೇ ಕಣ್ತುಂಬ ನೋಡಿ ಹುತ್ತರಿ ಹಾಡು ಬರೆದರು. ಗದ್ದೆಯಿಂದ ಹೊಸ ಭತ್ತದ ಕದಿರು ತರುವ ಆ ಹಬ್ಬದ ಹೆಸರಿನಲ್ಲಿ ಕೊಡಗಿನ ಬೆಟ್ಟ, ಕಾವೇರಿ, ವೀರರು ಎಲ್ಲರೂ ಬಂದರು. ಹೊರಗಿನವರೊಬ್ಬರು ಬರೆದ ಈ ಹಾಡನ್ನು ಕೊಡಗಿನವರು ತಮ್ಮದೆಂದೇ ಹಾಡುತ್ತಾ ಬಂದಿದ್ದಾರೆ.

ಈ ಹಾಡಿನ ಕಟ್ಟನ್ನು ನೋಡಿ. ಎಲ್ಲಿ, ಎಲ್ಲಿ ಎಂದು ಸಾಲುಸಾಲಾಗಿ ಕೇಳುತ್ತಾ ಹೋಗಿ, ಕೊನೆಗೆ ಅಲ್ಲಿ ನೋಡು ಎಂದು ಕೈ ತೋರಿಸುತ್ತದೆ. ಮಕ್ಕಳಿಗೆ ಬಹಳ ಪ್ರಿಯವಾದ ಆಟವೇ ಇದು. ಭಾನುವಾರ ಪೂಜೆ ಮುಗಿಸಿ ಮನೆಗೆ ನಡೆದು ಬರುವಾಗ ಆಡಿ ನೋಡಿ. ಹೊಳೆ ಎಲ್ಲಿ? ಕಿತ್ತಳೆ ಗಿಡ ಎಲ್ಲಿ? ಮೆಣಸಿನ ಬಳ್ಳಿ ಯಾವ ಮರಕ್ಕೆ ಹಬ್ಬಿದೆ? ಅಂಗಡಿಯ ಬೋರ್ಡಿನಲ್ಲಿ ನಿನ್ನ ಹೆಸರಿನ ಮೊದಲ ಅಕ್ಷರ ಎಲ್ಲಿ? ಅಪ್ಪಂದಿರೇ, ಈ ಕೆಲಸ ನಿಮ್ಮದು. ಅಡುಗೆಮನೆಯ ನೆಪ ನಿಮಗಿಲ್ಲ.

ಪಂಜೆಯವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ, ಬಂಟವಾಳಕ್ಕೂ ಮಡಿಕೇರಿಗೂ ಬಹುದೂರದ ಹೈದರಾಬಾದಿನಲ್ಲಿ ತೀರಿಕೊಂಡರು. ಅಷ್ಟು ದೊಡ್ಡವರಾದರೂ ತಮ್ಮ ಹಾಡುಗಳಿಗೆ ಅವರು ಇಟ್ಟುಕೊಂಡಿದ್ದ ಹೆಸರು ಕವಿಶಿಷ್ಯ. ಹಾಡನ್ನು ಬಲ್ಲ ಎಷ್ಟೋ ಮಕ್ಕಳಿಗೆ ಬರೆದವರ ಹೆಸರು ಗೊತ್ತಿರಲಿಲ್ಲ. ನಾಗರಹಾವಿಗೆ ಅಂಗೈ ಎತ್ತುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.