ಮುದ್ರಿತ ವಿದ್ಯುನ್ಮಂಡಲದ ಜನಕ ಪಾಲ್ ಐಸ್ಲರ್

ಮುದ್ರಣಾಲಯದ ಮಸಿಗೂ ರೇಡಿಯೋದ ತಂತಿಗೂ ನಂಟನ್ನು ಕಲ್ಪಿಸಿದ ಪಾಲ್ ಐಸ್ಲರನು 1907ರಲ್ಲಿ ವಿಯೆನ್ನಾ ನಗರದ ಯೆಹೂದ್ಯ ಮನೆತನದಲ್ಲಿ ಜನಿಸಿದನು. 1930ರಲ್ಲಿ ಇಂಜಿನಿಯರ್ ಪದವಿಯನ್ನು ಪಡೆದರೂ ಯೆಹೂದ್ಯನೆಂಬ ಕಾರಣದಿಂದ ತಕ್ಕ ಉದ್ಯೋಗ ದೊರೆಯಲಿಲ್ಲ. ಹೊಟ್ಟೆಪಾಡಿಗಾಗಿ ಹಿಡಿದ ಪತ್ರಿಕಾವೃತ್ತಿಯೇ ಅವನಿಗೆ ಮುದ್ರಣಕಲೆಯ ಮರ್ಮವನ್ನು ಕಲಿಸಿತು. 1936ರಲ್ಲಿ ಅವನು ಇಂಗ್ಲೆಂಡನ್ನು ಸೇರಿದನು.

ಆ ಕಾಲದಲ್ಲಿ ರೇಡಿಯೋದೊಳಗಿನ ತಂತಿಗಳನ್ನೆಲ್ಲ ಒಂದೊಂದಾಗಿ ಕೈಯಿಂದಲೇ ಬೆಸೆಯಬೇಕಾಗಿತ್ತು. ಒಂದು ಬೆಸುಗೆ ತಪ್ಪಿದರೂ ಯಂತ್ರ ಮೂಕವಾಗುತ್ತಿತ್ತು. ಐಸ್ಲರನ ಉಪಾಯವಾದರೋ ಸರಳ. ವಿದ್ಯುತ್ತು ಹರಿಯದ ಹಲಗೆಗೆ ತಾಮ್ರದ ತೆಳುಹಾಳೆಯನ್ನು ಅಂಟಿಸಿ, ವಿದ್ಯುತ್ತು ಸಾಗಬೇಕಾದ ದಾರಿಯನ್ನು ಅದರ ಮೇಲೆ ರಾಸಾಯನಿಕ ತಾಗದ ಮಸಿಯಿಂದ ಅಚ್ಚೊತ್ತಿ, ಬಳಿಕ ತಾಮ್ರವನ್ನು ಕರಗಿಸುವ ದ್ರವದಲ್ಲಿ ಅದ್ದುವುದು. ಮಸಿಯಿಲ್ಲದೆಡೆಯ ತಾಮ್ರವೆಲ್ಲ ಕರಗಿಹೋಗಿ, ಮಸಿಯ ಮರೆಯಲ್ಲಿ ಉಳಿದುದೇ ತಂತಿಯಾಗುತ್ತದೆ. ಗ್ರಂಥದ ಪುಟಗಳಂತೆ ಒಂದೇ ಅಚ್ಚಿನಿಂದ ಸಾವಿರ ಹಲಗೆಗಳು!

ಈ ಬಗೆಯ ರೇಡಿಯೋವನ್ನು ಕಂಡ ಕಾರ್ಖಾನೆಯವರು, ಹೆಣ್ಣುಮಕ್ಕಳ ಕೈಕೆಲಸವೇ ಅಗ್ಗವೆಂದು ಅದನ್ನು ತಿರಸ್ಕರಿಸಿದರು. ಮಹಾಯುದ್ಧ ಬಂದಾಗ ಶತ್ರುದೇಶದವನೆಂದು ಐಸ್ಲರನು ಬಂಧನಕ್ಕೂ ಗುರಿಯಾದನು. ಯೆಹೂದ್ಯದ್ವೇಷಕ್ಕೆ ಬೇಸತ್ತು ಬಂದವನಿಗೆ ಒದಗಿದ ಗತಿಯಿದು! ಬಿಡುಗಡೆಯಾದ ಮೇಲೆ ಲಂಡನ್ನಿನ ಮುದ್ರಣಸಂಸ್ಥೆಯೊಂದು ಆಶ್ರಯವಿತ್ತಿತು. 1943ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು.

ಯುದ್ಧಾನಂತರ ಈ ವಿಧಾನವು ಲೋಕವ್ಯಾಪಿಯಾಯಿತು. ಆದರೆ ಅಮೆರಿಕದಲ್ಲಿ ಪಡೆದಿದ್ದ ಹಕ್ಕುಗಳು ಊರ್ಜಿತವಲ್ಲವೆಂದು ಅಲ್ಲಿನ ನ್ಯಾಯಾಲಯವು 1963ರಲ್ಲಿ ತೀರ್ಪಿತ್ತಿತು. ಸಿರಿ ಅನ್ಯರ ಪಾಲಾಯಿತು. 1989ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದ ಐಸ್ಲರನು 1992ರಲ್ಲಿ ಲಂಡನ್ನಿನಲ್ಲಿ ಕಾಲವಶನಾದನು.